ಬರುವವರಿಗಿಂತ ಮೊದಲು ಅವರ ಹೆಸರು ಗೇಟು ತಲುಪಲಿ

ಬೆಂಗಳೂರಿನ ಯಾವ ಟೆಕ್ ಪಾರ್ಕಿಗೆ ಹೋದರೂ ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನ ಪಕ್ಕ ಒಂದು ಸಣ್ಣ ಗುಂಪು ನಿಂತಿರುತ್ತದೆ. ಫೈಲು ಹಿಡಿದು ಇಂಟರ್‌ವ್ಯೂಗೆ ಬಂದ ಹುಡುಗಿ, ಯುಪಿಎಸ್ ಬ್ಯಾಟರಿ ಬದಲಿಸಲು ಬಂದ ಮೆಕ್ಯಾನಿಕ್, ಚೆನ್ನೈನಿಂದ ಬೆಳಗಿನ ವಿಮಾನದಲ್ಲಿ ಬಂದಿಳಿದ ಆಡಿಟರ್, ಮಗ ಕೆಲಸ ಮಾಡುವ ಜಾಗ ನೋಡಬೇಕೆಂದು ಹಾವೇರಿಯಿಂದ ಬಂದ ಅಪ್ಪ. ಎಲ್ಲರ ಕಿವಿಗೂ ಫೋನು. ಒಳಗಿರುವ ಯಾರಿಗೋ ಕರೆ ಹೋಗುತ್ತಿದೆ, ಒಳಗಿರುವವರು ಮೀಟಿಂಗಿನಲ್ಲಿದ್ದಾರೆ. ಗೇಟಿನಲ್ಲಿ ಟ್ಯಾಬ್ಲೆಟ್ ಇದೆ, ಕ್ಯಾಮೆರಾ ಇದೆ, ಒಟಿಪಿ ಬರುತ್ತದೆ, ಗಾಜಿನ ಮೇಲೆ ಕ್ಯೂಆರ್ ಕೋಡ್ ಅಂಟಿಸಿದೆ. ಇಷ್ಟೆಲ್ಲ ಇದ್ದರೂ ಬಂದವರು ಬಿಸಿಲಲ್ಲೇ ನಿಂತಿದ್ದಾರೆ.

ಹೆಚ್ಚಿನ ಕಡೆ ಆಗಿರುವುದು ಇಷ್ಟು: ಹಳೆಯ ರಿಜಿಸ್ಟರ್ ಪುಸ್ತಕವನ್ನು ಎತ್ತಿಟ್ಟು, ಅದರಲ್ಲಿದ್ದ ಕಾಲಂಗಳನ್ನೇ ಪರದೆಗೆ ಇಳಿಸಿದ್ದಾರೆ. ಹೆಸರು, ಎಲ್ಲಿಂದ, ಯಾರನ್ನು ನೋಡಲು, ಯಾಕೆ, ಫೋನ್ ನಂಬರ್, ಗಾಡಿ ನಂಬರ್, ಸಹಿ. ಈ ಏಳರಲ್ಲಿ ಐದಾದರೂ ಕಂಪನಿಗೆ ಮೊದಲೇ ಗೊತ್ತು. ಇಂಟರ್‌ವ್ಯೂಗೆ ಕರೆದವರ ಬಳಿ ಆ ಹುಡುಗಿಯ ಹೆಸರಿದೆ, ನಂಬರಿದೆ, ಬರುವ ಸಮಯ ಕೊಟ್ಟವರೂ ಅವರೇ. ಆ ಮಾಹಿತಿ ಎಚ್‌ಆರ್‌ನವರ ಇಮೇಲಿನಲ್ಲೇ ಉಳಿದಿದೆ, ಗೇಟಿಗೆ ಬಂದಿಲ್ಲ. ಆಫೀಸಿಗೆ ಬರುವವರಿಗಾಗಿ ಡಿಜಿಟಲ್ ವ್ಯವಸ್ಥೆ ರೂಪಿಸುವ ಹೊಣೆ ನಿಮ್ಮದಾಗಿದ್ದರೆ, ಅಡ್ಮಿನ್ ಆಗಲಿ, ಎಚ್‌ಆರ್ ಆಗಲಿ, ಐಟಿ ಆಗಲಿ, ನನ್ನ ಮಟ್ಟಿಗೆ ನಿಮ್ಮ ಮುಖ್ಯ ಕೆಲಸ ಒಂದೇ. ಬರುವವರಿಗಿಂತ ಮೊದಲು ಅವರ ಹೆಸರು ಗೇಟು ತಲುಪಿರಬೇಕು. ಕಿಯೋಸ್ಕ್ ಯಾವ ಬಣ್ಣದ್ದು, ಆ್ಯಪ್ ಯಾವುದು ಎಂಬುದೆಲ್ಲ ಆಮೇಲಿನ ಮಾತು.

ಹಿಂದಿನ ದಿನದ ಸಂದೇಶ

ಕ್ಯಾಲೆಂಡರಿನಲ್ಲಿ ಭೇಟಿ ಗೊತ್ತುಮಾಡುವಾಗಲೇ, ಇವರು ಆಫೀಸಿಗೆ ಬರುತ್ತಾರೆಯೇ ಎಂದು ಕರೆದವರನ್ನು ವ್ಯವಸ್ಥೆ ಕೇಳಬೇಕು. ಹೌದು ಎಂದರೆ ಹೆಸರು, ನಂಬರು, ಹೊತ್ತು ತುಂಬುವುದು ಅವರ ಕೆಲಸ. ಬಂದವರು ಗೇಟಿನಲ್ಲಿ ನಿಂತು ಐದು ನಿಮಿಷ ಟೈಪ್ ಮಾಡುವುದಕ್ಕಿಂತ, ಕರೆದವರು ತಮ್ಮ ಕುರ್ಚಿಯಲ್ಲಿ ಕೂತು ಒಂದು ನಿಮಿಷ ಕೊಡುವುದು ನ್ಯಾಯ. ಅಲ್ಲಿಂದ ಒಂದು ಪ್ರತಿ ಗೇಟಿನ ಪಟ್ಟಿಗೆ, ಇನ್ನೊಂದು ಬರುವವರ ಫೋನಿಗೆ ಹೋಗಬೇಕು.

ಬರುವವರಿಗೆ ಹೋಗುವ ಸಂದೇಶವನ್ನು ನಾನು ಹೀಗೆ ಬರೆಯುತ್ತೇನೆ: “ನಮಸ್ಕಾರ. ನಾಳೆ ಬೆಳಿಗ್ಗೆ 10.30ಕ್ಕೆ ನಿಮ್ಮನ್ನು ಎದುರು ನೋಡುತ್ತಿರುತ್ತೇವೆ. 2ನೇ ಗೇಟಿನಿಂದ ಬನ್ನಿ. ಕ್ಯಾಬ್ ಕೂಡ ಅಲ್ಲೇ ನಿಲ್ಲಿಸಬಹುದು. ಫೋಟೊ ಇರುವ ಯಾವುದಾದರೂ ಒಂದು ಗುರುತಿನ ಚೀಟಿ ಸಾಕು. ಲ್ಯಾಪ್‌ಟಾಪ್ ತರುವುದಿದ್ದರೆ ಈ ಲಿಂಕಿನಲ್ಲಿ ತಿಳಿಸಿಬಿಡಿ, ಗೇಟಿನಲ್ಲಿ ಕೇಳುವುದಿಲ್ಲ. ಎಲ್ಲಾದರೂ ತೊಡಕಾದರೆ ಈ ನಂಬರಿಗೆ ಕರೆ ಮಾಡಿ.” ಕೊನೆಯ ನಂಬರು ರಿಸೆಪ್ಷನ್‌ನಲ್ಲಿ ನಿಜವಾಗಿ ಫೋನ್ ಎತ್ತುವವರದ್ದಾಗಿರಬೇಕು.

ಇದನ್ನು ಎಸ್‌ಎಂಎಸ್‌ನಲ್ಲಿ ಕಳಿಸುವುದಾದರೆ ಎರಡು ವಿಷಯ ಗೊತ್ತಿರಲಿ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2018ರಲ್ಲಿ ತಂದ ನಿಯಮಾವಳಿಯಿಂದಾಗಿ ಕಂಪನಿಗಳು ಕಳಿಸುವ ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಬೇಕಾಗುತ್ತದೆ. ಕನ್ನಡದ ಮಾದರಿಯನ್ನೂ ಆಗಲೇ ಸೇರಿಸಿ, ಇಲ್ಲವಾದರೆ ಕೊನೆಗೆ ಇಂಗ್ಲಿಷೊಂದೇ ಉಳಿಯುತ್ತದೆ. ಇನ್ನೊಂದು, ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಒತ್ತು, ಗುಣಿತಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಎಸ್‌ಎಂಎಸ್‌ನಲ್ಲಿ ದಿನ, ಹೊತ್ತು ಮತ್ತು ಒಂದು ಲಿಂಕ್ ಇಟ್ಟು, ಮಿಕ್ಕದ್ದನ್ನು ಲಿಂಕ್ ತೆರೆದಾಗ ಕಾಣುವ ಪುಟದಲ್ಲಿ ಬರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಅಕ್ಷರದ ಈ ಇಕ್ಕಟ್ಟು ಇಲ್ಲ. ವಿದೇಶದಿಂದ ಬರುವವರಿಗೆ ಇಮೇಲೇ ಸರಿ. ಹೊರದೇಶದ ನಂಬರಿಗೆ ನಮ್ಮ ಒಟಿಪಿ ಹಲವು ಸಲ ತಲುಪುವುದೇ ಇಲ್ಲ.

ನಕ್ಷೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕಂಪನಿಯವರು ಕಳಿಸುವ ಲೊಕೇಶನ್ ಸಾಮಾನ್ಯವಾಗಿ ಕಟ್ಟಡದ ನೆತ್ತಿಯ ಮೇಲಿರುತ್ತದೆ. ನಕ್ಷೆ ಹಿಡಿದು ಬಂದ ಕ್ಯಾಬ್ ಕಟ್ಟಡದ ಹಿಂದಿನ ಗೋಡೆಗೆ ಹೋಗಿ ನಿಲ್ಲುತ್ತದೆ. ಹೊರವರ್ತುಲ ರಸ್ತೆಯಲ್ಲಿ ಒಂದು ಗೇಟು ತಪ್ಪಿದರೆ ಯು-ಟರ್ನ್ ಹುಡುಕಿಕೊಂಡು ಎಷ್ಟೋ ದೂರ ಹೋಗಿ ಬರಬೇಕು. ಹತ್ತೂವರೆಯ ಭೇಟಿ ಅಲ್ಲೇ ಹನ್ನೊಂದಾಗುತ್ತದೆ. ಸಂದರ್ಶಕರು ಒಳಬರುವ ಗೇಟಿನ ಮೇಲೆಯೇ ಗುರುತು ಹಾಕಿ, ಗೇಟಿನ ಒಂದು ಫೋಟೊ ಜೊತೆಗಿಡಿ. ಮೆಟ್ರೊದಲ್ಲಿ ಬರುವವರಿಗೆ ನಿಲ್ದಾಣದ ಹೆಸರು, ಯಾವ ಕಡೆಯಿಂದ ಹೊರಬರಬೇಕು, ಅಲ್ಲಿಂದ ನಡೆಯಬಹುದೇ ಆಟೊ ಬೇಕೇ ಎಂಬುದನ್ನು ಬರೆಯಿರಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಬರುವ ದಾರಿಯೇ ಬದಲಾಯಿತು. ಅದಕ್ಕೆ ಮುಂಚೆ ಬರೆದ ಸಂದೇಶವನ್ನೇ ಇನ್ನೂ ಕಳಿಸುತ್ತಿದ್ದರೆ ಇವತ್ತೇ ತಿದ್ದಿ. ಈ ಊರಿನಲ್ಲಿ ಕಾಮಗಾರಿಯಿಂದಾಗಿ ಗೇಟು, ತಿರುವು ಬದಲಾಗುತ್ತಲೇ ಇರುತ್ತವೆ. ತಿಂಗಳಿಗೊಮ್ಮೆ ಸಂದೇಶ ಓದಿ ಸರಿಪಡಿಸುವುದು ಒಬ್ಬರ ಹೆಸರಿಗಿರುವ ಕೆಲಸವಾಗಬೇಕು.

ಅದೇ ಸಂದೇಶದಲ್ಲಿ ಇನ್ನೊಂದು ಸಾಲು: “ಗಾಲಿಕುರ್ಚಿ, ರ‍್ಯಾಂಪ್, ಸನ್ನೆಭಾಷೆ ಅಥವಾ ಬೇರೆ ಯಾವುದಾದರೂ ಅನುಕೂಲ ಬೇಕಿದ್ದರೆ ತಿಳಿಸಿ.” ಮೊದಲೇ ಗೊತ್ತಾದರೆ ಇದೆಲ್ಲ ಕಷ್ಟವಲ್ಲ. ಬಂದ ಮೇಲೆ ಹುಡುಕಾಡಿದರೆ ಅವರಿಗೂ ಮುಜುಗರ, ನಿಮಗೂ ಮುಜುಗರ.

ಎರಡು ಗೇಟು, ಎರಡು ಪಟ್ಟಿ

ಟೆಕ್ ಪಾರ್ಕುಗಳಲ್ಲಿ ಒಂದು ತೊಡಕಿದೆ. ಹೊರಗೇಟು ಪಾರ್ಕ್ ನಡೆಸುವವರದ್ದು, ಒಳಗೇಟು ಕಂಪನಿಯದ್ದು. ಎರಡಕ್ಕೂ ಬೇರೆ ಬೇರೆ ಸಾಫ್ಟ್‌ವೇರ್, ಬೇರೆ ಬೇರೆ ಸೆಕ್ಯೂರಿಟಿ ಏಜೆನ್ಸಿ. ಸಂದರ್ಶಕರು ಎರಡು ಕಡೆಯೂ ನಂಬರು ಹೇಳಿ, ಎರಡು ಒಟಿಪಿ ಕೊಟ್ಟು, ಎರಡು ಫೋಟೊ ತೆಗೆಸಿಕೊಳ್ಳುತ್ತಾರೆ. ನೀವು ಎಷ್ಟೇ ಚೆಂದದ ಕಿಯೋಸ್ಕ್ ಇಟ್ಟರೂ ಅದನ್ನು ನೋಡುವ ಹೊತ್ತಿಗೆ ಬಂದವರು ದಣಿದಿರುತ್ತಾರೆ. ಇದಕ್ಕೆ ಮದ್ದು ತಂತ್ರಜ್ಞಾನಕ್ಕಿಂತ ಮಾತುಕತೆಯಲ್ಲಿದೆ. ಪಾರ್ಕಿನ ಕಚೇರಿಗೆ ಹೋಗಿ, ಮೊದಲೇ ಕಳಿಸಿದ ಪಟ್ಟಿಯನ್ನು ಅವರ ವ್ಯವಸ್ಥೆ ತೆಗೆದುಕೊಳ್ಳುತ್ತದೆಯೇ ಕೇಳಿ. ತೆಗೆದುಕೊಂಡರೆ ನಿಮ್ಮ ವ್ಯವಸ್ಥೆಯಿಂದ ನೇರ ಕಳಿಸಿ. ಇಲ್ಲವಾದರೆ ಪ್ರತಿದಿನ ಬೆಳಿಗ್ಗೆ ಹೆಸರಿನ ಪಟ್ಟಿಯೊಂದು ಹೊರಗೇಟಿಗೆ ಮುಟ್ಟುವಂತೆ ಒಪ್ಪಂದ ಮಾಡಿಕೊಳ್ಳಿ. ಎರಡೂ ಕಡೆ ಒಂದೇ ಕೋಡ್ ನಡೆಯುವಂತಾದರೆ ಅದಕ್ಕಿಂತ ದೊಡ್ಡ ಸುಧಾರಣೆ ಬೇರೆ ಬೇಕಿಲ್ಲ.

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ವೇವ್‌ನಲ್ಲಿ, ಕಾರಿನ ಬಿಡಿಭಾಗಗಳನ್ನು ಎಣಿಸಿಡಲು. ಕಾರ್ಖಾನೆಯ ಕೊಳೆ, ಗೀಚುಗಳ ನಡುವೆಯೂ ಓದಲು ಬರಲೆಂದು ಅದನ್ನು ರೂಪಿಸಿದ್ದು. ಆದರೆ ಒಡೆದ ಗಾಜಿನ ಫೋನು, ಬೆಳಕು ತಗ್ಗಿಸಿದ ಪರದೆ, ಮಧ್ಯಾಹ್ನದ ಬಿಸಿಲು ಮೂರೂ ಸೇರಿದರೆ ಅದೂ ಕೈಕೊಡುತ್ತದೆ. ಕೋಡಿನ ಕೆಳಗೆ ಬಾಯಲ್ಲಿ ಹೇಳಬಹುದಾದ ಆರಂಕಿಯ ಸಂಖ್ಯೆಯೊಂದು ಇರಲೇಬೇಕು. ಸ್ಮಾರ್ಟ್‌ಫೋನ್ ಇಲ್ಲದವರು ಅದನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತಾರೆ.

ಗೇಟಿನಲ್ಲಿ ನಿಲ್ಲುವ ಸೆಕ್ಯೂರಿಟಿಯವರನ್ನು ವಿನ್ಯಾಸಕಾರರು ಮರೆಯುವುದು ನನಗೆ ತೀರ ನೋವಿನ ಸಂಗತಿ. ಬಂದವರಿಗೆ ಕಂಪನಿಯ ಮೊದಲ ಮುಖ ಅವರೇ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಒಡಿಶಾ, ಅಸ್ಸಾಂ, ಬಿಹಾರಗಳಿಂದ ಬಂದವರು ಬಹಳ. ಹನ್ನೆರಡು ತಾಸು ನಿಂತೇ ಇರುವವರ ಕೈಗೆ ಸಣ್ಣ ಅಕ್ಷರದ ಇಂಗ್ಲಿಷ್ ಪರದೆ ಕೊಟ್ಟು, ಎಂಟು ಕಡೆ ಒತ್ತಿ ಎಂದರೆ ಹೇಗೆ? ಅವರ ಪರದೆಯಲ್ಲಿ ಬರುವವರ ಹೆಸರು ದೊಡ್ಡದಾಗಿ, ಯಾರನ್ನು ನೋಡಲು ಎಂಬುದು, ‘ಬಂದಿದ್ದಾರೆ’ ಎಂಬ ಒಂದೇ ಬಟನ್, ಇಷ್ಟು ಸಾಕು. ಭಾಷೆಯನ್ನು ಅವರೇ ಆರಿಸಿಕೊಳ್ಳಲಿ. ಏಜೆನ್ಸಿ ಜನರನ್ನು ಆಗಾಗ ಬದಲಿಸುವುದರಿಂದ, ಹೊಸಬರು ಹತ್ತು ನಿಮಿಷದಲ್ಲಿ ಕಲಿಯಲಾಗದ ಪರದೆ ಗೇಟಿಗೆ ಒಗ್ಗುವುದಿಲ್ಲ.

ಹೆಸರು, ಭಾಷೆ, ಎತ್ತರ

ಪಟ್ಟಿಯಲ್ಲಿ ಇಲ್ಲದೆ ಬರುವವರು ಇದ್ದೇ ಇರುತ್ತಾರೆ, ಕಿಯೋಸ್ಕ್ ಅವರಿಗಾಗಿ. ಅಲ್ಲಿ ಮೊದಲ ಎಡವು ಹೆಸರಿನ ಖಾನೆಯಲ್ಲೇ. ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು ಎರಡು ಖಾನೆ ಇಟ್ಟು ಎರಡನ್ನೂ ಕಡ್ಡಾಯ ಮಾಡುವುದು ನಮ್ಮ ನಾಡಿಗೆ ಹೊಂದುವುದಿಲ್ಲ. ಹಳೆ ಮೈಸೂರು ಕಡೆಯವರಿಗೆ ಊರಿನದ್ದೋ ತಂದೆಯದ್ದೋ ಇನಿಷಿಯಲ್ ಇರುತ್ತದೆ, ಉತ್ತರ ಕರ್ನಾಟಕದವರಿಗೆ ಮನೆತನದ ಹೆಸರು, ಇನ್ನೆಷ್ಟೋ ಜನರಿಗೆ ಒಂದೇ ಹೆಸರು. ಲಾಸ್ಟ್ ನೇಮ್ ಜಾಗದಲ್ಲಿ ಚುಕ್ಕೆ ಹಾಕಿ ಮುಂದೆ ಹೋದವರು ನಮ್ಮಲ್ಲಿ ಎಷ್ಟು ಜನರಿಲ್ಲ! ‘ಹೆಸರು’ ಎಂದು ಒಂದೇ ಖಾನೆ ಇಡಿ. ಬ್ಯಾಡ್ಜಿನ ಮೇಲೆ ಯಾವ ಹೆಸರು ಬರಲಿ ಎಂದು ಬೇಕಾದರೆ ಕೇಳಿ. ಗುರುತಿನ ಚೀಟಿಯಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದರೆ, ಹೊಂದುವುದಿಲ್ಲವೆಂದು ತಡೆಯದಂತೆ ಸೆಕ್ಯೂರಿಟಿಯವರಿಗೆ ಹೇಳಿಕೊಡಿ.

ಕನ್ನಡ ಪರದೆ ಇರಲಿ ಎನ್ನುವುದು ಅಭಿಮಾನದ ಮಾತು ಮಾತ್ರವಲ್ಲ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ತಿದ್ದುಪಡಿಯಾದ ಕಾನೂನು ಹೇಳುತ್ತದೆ; ಆ ಫಲಕ ದಾಟಿ ಒಳಗೆ ಬಂದ ಹಾವೇರಿಯ ಅಪ್ಪನಿಗೆ ಮುಂದಿನ ಪರದೆ ಓದಲು ಬಾರದಿದ್ದರೆ ಹೊರಗಿನ ಕನ್ನಡ ಅವರಿಗೆ ಏನು ಮಾಡಿಕೊಟ್ಟಂತಾಯಿತು? ಮೊದಲ ಪರದೆಯಲ್ಲೇ ಭಾಷೆಗಳ ಹೆಸರು ಅವುಗಳದೇ ಲಿಪಿಯಲ್ಲಿ ಕಾಣಲಿ. ಕನ್ನಡದ ಸಾಲುಗಳನ್ನು ಯಂತ್ರದಿಂದ ತೆಗೆಯದೆ, ದಿನವೂ ಕನ್ನಡ ಮಾತಾಡುವವರಿಂದ ಬರೆಸಿ. “ನಿಮ್ಮ ಭೇಟಿಯ ವಿನಂತಿ ಅನುಮೋದನೆಗೆ ಬಾಕಿಯಿದೆ” ಎಂದು ಓದಿದವರಿಗೆ ತಾಲ್ಲೂಕು ಕಚೇರಿಗೆ ಬಂದಂತಾಗುತ್ತದೆ. “ನೀವು ಬಂದಿರುವುದನ್ನು ತಿಳಿಸಿದ್ದೇವೆ, ಕೂತಿರಿ” ಎಂದರೆ ಮನಸ್ಸು ಹಗುರಾಗುತ್ತದೆ. ತಾಂತ್ರಿಕವಾಗಿಯೂ ಎರಡು ಎಚ್ಚರ ಬೇಕು. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡದಿದ್ದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ಬ್ಯಾಡ್ಜ್ ಮುದ್ರಿಸುವ ಥರ್ಮಲ್ ಪ್ರಿಂಟರುಗಳಲ್ಲಿ ಬಹಳಷ್ಟಕ್ಕೆ ಕನ್ನಡದ ಅಕ್ಷರ ಜೋಡಿಸಲು ಬರುವುದಿಲ್ಲ. ಹೆಸರನ್ನು ಚಿತ್ರವಾಗಿ ಮಾಡಿ ಕಳಿಸಿದರೆ ಸರಿಯಾಗಿ ಮುದ್ರಿಸುತ್ತವೆ.

ನಿಂತವರ ಎದೆಮಟ್ಟಕ್ಕೆ ನಿಲ್ಲಿಸಿದ ಟ್ಯಾಬ್ಲೆಟ್ ಗಾಲಿಕುರ್ಚಿಯಲ್ಲಿ ಕೂತವರ ಕೈಗೆ ಎಟುಕುವುದಿಲ್ಲ. ಅಮೆರಿಕದ ಮಾನದಂಡದಲ್ಲಿ ಕೈ ಚಾಚಿ ಒತ್ತಬೇಕಾದ ಬಟನ್ನು ನೆಲದಿಂದ 48 ಇಂಚಿಗಿಂತ ಮೇಲಿರಬಾರದು ಎಂದಿದೆ. ಈ ಅಳತೆ ನಮ್ಮಲ್ಲೂ ಒಳ್ಳೆಯದೇ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಖಾಸಗಿ ಸಂಸ್ಥೆಗಳನ್ನೂ ಒಳಗೊಂಡಿದೆ, ಡಿಜಿಟಲ್ ಸಲಕರಣೆಗಳಿಗೆ ಐಎಸ್ 17802 ಎಂಬ ಭಾರತೀಯ ಮಾನಕವೂ ಇದೆ; ಕೊಳ್ಳುವ ಮುಂಚೆ ಮಾರುವವರನ್ನು ಇದರ ಬಗ್ಗೆ ಕೇಳಿ. ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಬಣ್ಣದ ಅಂತರ ಕನಿಷ್ಠ 4.5ಕ್ಕೆ 1 ಇರಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿದ ಅಳತೆ. ಗಾಜಿನ ಲಾಬಿಯ ಬೆಳಕಿನಲ್ಲಿ ತಿಳಿ ಬೂದು ಅಕ್ಷರಗಳು ಯಾರಿಗೂ ಕಾಣುವುದಿಲ್ಲ.

ಕರೆದವರು ಫೋನ್ ಎತ್ತದಿದ್ದರೆ

ಎಲ್ಲ ವ್ಯವಸ್ಥೆಗಳೂ ಮುಗ್ಗರಿಸುವ ಜಾಗ ಇದು. ಬಂದ ಸುದ್ದಿ ಇಮೇಲಿಗೆ ಹೋಗುತ್ತದೆ. ಕರೆದವರು ಇಮೇಲ್ ನೋಡುವುದು ಊಟದ ಹೊತ್ತಿಗೆ. ಸುದ್ದಿ ಅವರು ಆ ಕ್ಷಣ ನೋಡುವ ಕಡೆ ಹೋಗಬೇಕು: ಕಂಪನಿಯ ಚಾಟ್, ಇಲ್ಲವೇ ನೇರ ಫೋನ್ ಕರೆ. ಮೂರು ನಿಮಿಷದಲ್ಲಿ ಉತ್ತರ ಬಾರದಿದ್ದರೆ ತಂಡದ ಇನ್ನೊಬ್ಬರಿಗೆ, ಅಲ್ಲೂ ಇಲ್ಲವಾದರೆ ರಿಸೆಪ್ಷನ್‌ಗೆ. ಭೇಟಿ ಗೊತ್ತುಮಾಡುವಾಗಲೇ ಎರಡನೆಯವರ ಹೆಸರು ಕಡ್ಡಾಯವಾಗಿರಲಿ.

ಇದರ ಜೊತೆ ಒಂದು ನಿಯಮ ಬೇಕು, ಅದನ್ನು ಸಾಫ್ಟ್‌ವೇರ್ ಮಾಡಲಾರದು, ಆಡಳಿತವೇ ಮಾಡಬೇಕು. ಪಟ್ಟಿಯಲ್ಲಿ ಹೆಸರಿರುವವರನ್ನು, ಕರೆದವರ ಉತ್ತರ ಬರಲಿ ಬಿಡಲಿ, ಲಾಬಿಯಲ್ಲಿ ಕೂರಿಸಿ ನೀರು ಕೊಡುವ ಅಧಿಕಾರ ಸೆಕ್ಯೂರಿಟಿಯವರಿಗೆ ಇರಬೇಕು. ಆ ಅಧಿಕಾರ ಬರಹದಲ್ಲಿರಬೇಕು; ನಾಳೆ ಯಾರಾದರೂ ಕೇಳಿದರೆ ಅವರ ಕೆಲಸಕ್ಕೆ ಕುತ್ತು ಬರಬಾರದು. ಕೆಲಸದ ಜಾಗಕ್ಕೆ ಬಿಡಲು ಒಪ್ಪಿಗೆ ಬೇಕು ನಿಜ. ಕುರ್ಚಿಯಲ್ಲಿ ಕೂರಲು ಬೇಕಿಲ್ಲ. ತಡವಾಗುತ್ತಿದ್ದರೆ ಪರದೆ ಅದನ್ನು ನೇರ ಹೇಳಲಿ, ತಿರುಗುವ ಚಕ್ರ ತೋರಿಸುತ್ತ ಕೂರುವುದು ಬೇಡ.

ಬರುವವರೆಲ್ಲ ಒಂದೇ ಅಲ್ಲ ಎಂಬುದೂ ಇಲ್ಲೇ ಹೇಳಬೇಕಾದ ಮಾತು. ಗ್ರಾಹಕರ ತಂಡ ಬಂದಾಗ ಲಾಬಿಯ ಟಿವಿಯಲ್ಲಿ ಹೆಸರು ಹಾಕಿ ಸ್ವಾಗತಿಸಿದರೆ ಅವರಿಗೆ ಸಂತೋಷ. ಇಂಟರ್‌ವ್ಯೂಗೆ ಬಂದವರ ಹೆಸರನ್ನು ಮಾತ್ರ ಎಂದೂ ಹಾಕಬೇಡಿ. ಅವರು ಈಗ ಕೆಲಸ ಮಾಡುವ ಕಂಪನಿ ಅದೇ ಕಟ್ಟಡದ ಆರನೇ ಮಹಡಿಯಲ್ಲಿರಬಹುದು, ಅವರ ಮ್ಯಾನೇಜರ್ ಅದೇ ಲಾಬಿಯಲ್ಲಿ ಕಾಫಿ ಹಿಡಿದು ನಿಂತಿರಬಹುದು. ಎಸಿ, ಬ್ಯಾಟರಿ, ಲಿಫ್ಟ್ ರಿಪೇರಿಗೆ ಬರುವವರಿಗೆ ಸಲಕರಣೆಗಳ ಪಟ್ಟಿ ಮತ್ತು ವಾಪಸ್ ಒಯ್ಯುವ ಗೇಟ್ ಪಾಸ್ ಮುಖ್ಯ. ಪೆಟ್ಟಿಗೆಯ ಫೋಟೊ ಒಂದು ತೆಗೆದರೆ ಅರ್ಧ ಕೆಲಸ ಮುಗಿಯಿತು. ಅವರಿಂದ ಆರು ಪುಟದ ಗೋಪ್ಯತಾ ಒಪ್ಪಂದಕ್ಕೆ ಟ್ಯಾಬ್ಲೆಟ್ಟಿನಲ್ಲಿ ಸಹಿ ಹಾಕಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಒಪ್ಪಂದ ನಿಜಕ್ಕೂ ಬೇಕಾದವರಿಗೆ ಹಿಂದಿನ ದಿನವೇ ಕಳಿಸಿ, ಓದಲು ಸಮಯ ಕೊಡಿ. ಡೆಲಿವರಿಗೆ ಬರುವವರಿಗೆ ನೋಂದಣಿಯೇ ಬೇಡ. ನೆರಳಿರುವ ಕಡೆ ಒಂದು ಕಪಾಟು, ಕುಡಿಯುವ ನೀರು, ಶೌಚಾಲಯಕ್ಕೆ ದಾರಿ ತೋರಿಸುವ ಒಂದು ಬಾಣ.

ಕೇಳುವ ಮುಂಚೆ ಯೋಚಿಸಿ

ಹಳೆಯ ರಿಜಿಸ್ಟರಿನಲ್ಲಿ ಹಿಂದೆ ಬಂದವರೆಲ್ಲರ ನಂಬರೂ ಮುಂದೆ ಬಂದವರ ಕಣ್ಣಿಗೆ ಬೀಳುತ್ತಿತ್ತು. ಡಿಜಿಟಲ್ ವ್ಯವಸ್ಥೆಯ ದೊಡ್ಡ ಉಪಕಾರವೆಂದರೆ ಆ ಪುಟ ಮುಚ್ಚಿದ್ದು. ಆದರೆ ಸುಲಭವಾಗಿ ಸಿಗುತ್ತದೆ ಎಂದು ಈಗ ಹೆಚ್ಚು ಹೆಚ್ಚು ಕೇಳುತ್ತಿದ್ದೇವೆ: ಹುಟ್ಟಿದ ದಿನ, ಮನೆ ವಿಳಾಸ, ಆಧಾರ್‌ನ ಎರಡೂ ಬದಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳಿದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟನ್ನೇ ಪಡೆಯಿರಿ ಎನ್ನುತ್ತದೆ. ಫೋನಿನಲ್ಲಿ ವೈದ್ಯರ ಸಲಹೆ ಕೊಡುವ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿದರೆ ಆ ಪಟ್ಟಿಯ ಮಟ್ಟಿಗೆ ಒಪ್ಪಿಗೆ ನಡೆಯುವುದಿಲ್ಲ ಎಂಬ ಉದಾಹರಣೆ ಕಾಯ್ದೆಯಲ್ಲೇ ಇದೆ. ಯಾಕೆ ಕೇಳುತ್ತಿದ್ದೇವೆ ಎಂಬ ತಿಳಿವಳಿಕೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ತಮಗೆ ಬೇಕಾದುದರಲ್ಲಿ ಓದುವ ಅವಕಾಶ ಬಂದವರಿಗೆ ಇರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಈಗ ಹೊಸದಾಗಿ ವ್ಯವಸ್ಥೆ ಮಾಡುವವರು ಅದಕ್ಕೆ ತಕ್ಕಂತೆಯೇ ಮಾಡುವುದು ಲೇಸು.

ಗುರುತಿನ ಚೀಟಿಯನ್ನು ನೋಡಿ, ‘ನೋಡಿದ್ದೇನೆ’ ಎಂದು ಗುರುತು ಹಾಕಿದರೆ ಹೆಚ್ಚಿನ ಆಫೀಸುಗಳಿಗೆ ಸಾಕು. ಫೋಟೊ ತೆಗೆದಿಡುವ ಅಗತ್ಯವಿಲ್ಲ. ಆಧಾರ್ ಬೇಕೇ ಬೇಕೆಂದು ಹಟ ಹಿಡಿಯಬೇಡಿ. ಅದನ್ನೇ ತಂದವರು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೋರಿಸಿದರೆ ಒಪ್ಪಿಕೊಳ್ಳಿ. ಮುಖ ಗುರುತಿಸುವ ಕ್ಯಾಮೆರಾ ಇಡುವವರು ವಿಮಾನ ನಿಲ್ದಾಣ ನೋಡಿ ಕಲಿಯಬಹುದು: 2022ರ ಡಿಸೆಂಬರ್‌ನಲ್ಲಿ ಬೆಂಗಳೂರೂ ಸೇರಿ ಮೂರು ಕಡೆ ಶುರುವಾದ ಡಿಜಿಯಾತ್ರಾದಲ್ಲಿ ಮುಖ ಕೊಡಲು ಒಪ್ಪದವರಿಗೆ ಮಾಮೂಲಿ ಸಾಲು ಪಕ್ಕದಲ್ಲೇ ಇದೆ. ಮಾಹಿತಿಯನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಎಂಬುದನ್ನು ನಿಮ್ಮ ಕಾನೂನು ವಿಭಾಗದವರೊಂದಿಗೆ ಕೂತು ಗೊತ್ತುಮಾಡಿ. ಅವಧಿ ಮುಗಿದ ದಿನ ಯಾರೂ ನೆನಪಿಸದೆ ತಂತಾನೇ ಅಳಿಸುವಂತಿರಲಿ. ಸಂದರ್ಶಕರ ನಂಬರನ್ನು ಮಾರ್ಕೆಟಿಂಗ್‌ನವರಿಗೆ ಕೊಡುವುದು ನಂಬಿಕೆಗೆ ದ್ರೋಹ.

ವೈಫೈಗೆ ಮತ್ತೊಂದು ಒಟಿಪಿ ಏಕೆ ಎಂದು ಬಂದವರು ಕೇಳುತ್ತಾರೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೊಟ್ಟ ನಿರ್ದೇಶನದಂತೆ ಕಂಪನಿಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಹಾಗಾಗಿ ನೆಟ್‌ವರ್ಕ್ ಯಾರು ಬಳಸಿದರು ಎಂಬ ದಾಖಲೆಯನ್ನು ಐಟಿಯವರು ಬಿಡಲೊಲ್ಲರು. ಆದರೆ ಗೇಟಿನಲ್ಲಿ ಗುರುತು ಕೊಟ್ಟವರೇ ವೈಫೈ ಕೇಳುತ್ತಿರುವುದು. ಅವರ ಪಾಸಿನ ಮೇಲೆಯೇ ಆ ದಿನಕ್ಕೆ ಮಾತ್ರ ನಡೆಯುವ ವೈಫೈ ಕೋಡ್ ಮುದ್ರಿಸಿದರೆ ದಾಖಲೆಯೂ ಸಿಕ್ಕಿತು, ಇನ್ನೊಂದು ಫಾರ್ಮೂ ತಪ್ಪಿತು. ಅತಿಥಿಗಳ ನೆಟ್‌ವರ್ಕ್ ಕಂಪನಿಯ ನೆಟ್‌ವರ್ಕಿನಿಂದ ಪೂರ್ತಿ ಬೇರೆಯಾಗಿರಲಿ.

ಹೊರಡುವಾಗ, ಕರೆಂಟು ಹೋದಾಗ

ಒಳಬರುವುದಕ್ಕೆ ಇಷ್ಟೆಲ್ಲ ಮಾಡಿ ಹೊರಹೋಗುವುದನ್ನು ಬಹಳ ಕಡೆ ಯೋಚಿಸಿಯೇ ಇರುವುದಿಲ್ಲ. ಬೆಂಕಿ ಬಿದ್ದ ದಿನ ಒಳಗೆ ಯಾರಿದ್ದಾರೆ ಎಂಬ ಪಟ್ಟಿ ಬೇಕಾಗುತ್ತದೆ. ಮಧ್ಯಾಹ್ನವೇ ಹೋದವರ ಹೆಸರು ಇನ್ನೂ ಒಳಗಿದೆ ಎಂದು ತೋರಿಸಿದರೆ ಅಗ್ನಿಶಾಮಕದವರು ಇಲ್ಲದವರನ್ನು ಹುಡುಕುತ್ತ ಒಳಗೆ ಹೋಗಬೇಕಾಗುತ್ತದೆ. ಬಾಗಿಲ ಬಳಿ ಬ್ಯಾಡ್ಜ್ ಹಾಕುವ ಡಬ್ಬಿ ಇಟ್ಟು, ಬ್ಯಾಡ್ಜ್ ಬಿದ್ದೊಡನೆ ಹೊರಹೋದದ್ದು ದಾಖಲಾಗುವಂತೆ ಮಾಡಿ. ಎಲ್ಲರೂ ಸೇರುವ ಬಯಲಿನಲ್ಲಿ ನಿಂತು ಫೋನಿನಲ್ಲೇ ಆ ಪಟ್ಟಿ ತೆರೆಯಲು ಬರಬೇಕು. ಕ್ಯಾಬ್ ಎಲ್ಲಿಗೆ ಕರೆಸಬೇಕು ಎಂಬ ಲೊಕೇಶನ್ ಹೊರಡುವ ಹೊತ್ತಿಗೆ ಇನ್ನೊಮ್ಮೆ ಕಳಿಸಿ. ಅಭಿಪ್ರಾಯ ಕೇಳುವುದಾದರೆ ಒಂದೇ ಪ್ರಶ್ನೆ: ಎಲ್ಲಾದರೂ ಕಾಯಬೇಕಾಯಿತೆ?

ಮೂವತ್ತು ಜನರ ಸಣ್ಣ ಕಂಪನಿಗೆ ಕಿಯೋಸ್ಕ್ ಬೇಡ. ಎಲ್ಲರೂ ನೋಡಬಹುದಾದ ಒಂದು ಕ್ಯಾಲೆಂಡರ್, ಒಂದು ಸಣ್ಣ ಫಾರ್ಮ್, ವಾಟ್ಸ್‌ಆ್ಯಪ್‌ನಲ್ಲಿ ಒಂದು ಒಳ್ಳೆಯ ಸಂದೇಶ, ಗೇಟಿಗೆ ಬೆಳಿಗ್ಗೆ ಒಂಬತ್ತಕ್ಕೆ ಮುದ್ರಿಸಿ ಕೊಟ್ಟ ಪಟ್ಟಿ. ಇದು ಹುಬ್ಬಳ್ಳಿಯಲ್ಲೂ ನಡೆಯುತ್ತದೆ, ಮಂಗಳೂರಿನಲ್ಲೂ ನಡೆಯುತ್ತದೆ. ದೊಡ್ಡ ಕಂಪನಿಗಳೂ ಆ ಮುದ್ರಿತ ಪಟ್ಟಿಯನ್ನು ಬಿಡಬಾರದು. ಇಂಟರ್‌ನೆಟ್ ಇಲ್ಲವೇ ಕರೆಂಟು ನಿಂತ ದಿನ ಕೆಲಸ ನಡೆಸುವುದು ಅದೇ. ದಿನದ ಕೊನೆಗೆ ಅದನ್ನು ಹರಿದು ಹಾಕುವ ಜವಾಬ್ದಾರಿಯೂ ಒಬ್ಬರಿಗಿರಲಿ.

ಶುರುಮಾಡುವ ಮುನ್ನ ಪರೀಕ್ಷೆ ಮಾಡಿ, ಅದೂ ನಿಮ್ಮ ಉದ್ಯೋಗಿಗಳಿಂದ ಬೇಡ, ಅವರಿಗೆ ದಾರಿ ಗೊತ್ತು. ಇಂಗ್ಲಿಷ್ ಓದದ ಒಬ್ಬರು, ಕನ್ನಡ ಬಾರದ ಒಬ್ಬರು, ಗಾಲಿಕುರ್ಚಿ ಬಳಸುವ ಒಬ್ಬರು, ಬರೀ ಕೀಪ್ಯಾಡ್ ಫೋನ್ ಇರುವ ಒಬ್ಬರನ್ನು ಬೆಳಿಗ್ಗೆ ಹತ್ತರ ಗದ್ದಲದಲ್ಲಿ ಬರಹೇಳಿ. ನೆರವಿಗೆ ಹೋಗದೆ ದೂರದಲ್ಲಿ ನಿಂತು ನೋಡಿ. ಹೊರಗೇಟು ಮುಟ್ಟಿದ್ದರಿಂದ ಕುರ್ಚಿಯಲ್ಲಿ ಕೂರುವವರೆಗೆ ಎಷ್ಟು ನಿಮಿಷ, ಕೂತದ್ದರಿಂದ ಕರೆದವರು ಬಂದು ಮಾತಾಡಿಸುವವರೆಗೆ ಎಷ್ಟು ನಿಮಿಷ, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಮೊದಲನೆಯದು ಹೆಚ್ಚಿದ್ದರೆ ಗೇಟಿನ ಪಟ್ಟಿ ಸರಿಯಾಗಬೇಕು, ಎರಡನೆಯದು ಹೆಚ್ಚಿದ್ದರೆ ಕರೆದವರಿಗೆ ಸುದ್ದಿ ಮುಟ್ಟುವ ದಾರಿ. ಆ ದಿನ ಸಂಜೆ ಸೆಕ್ಯೂರಿಟಿಯವರನ್ನೂ ಕೂರಿಸಿಕೊಂಡು, ಅವರು ಯಾವ ಬಟನ್ ಮುಂದೆ ತಡವರಿಸಿದರು ಎಂದು ಕೇಳಿ, ಮೊದಲು ಅದನ್ನು ತೆಗೆದುಹಾಕಿ.